ಹಾಡದೆ ನಿಂತವರು

ಕೇರಳದ ಕೋಟ್ಟಯಂ ಜಿಲ್ಲೆಯ ಕಿಡಂಗೂರಿನ ಹೈಸ್ಕೂಲೊಂದರಲ್ಲಿ 1985ರಲ್ಲಿ ಒಂದೇ ಮನೆಯ ಮೂವರು ಮಕ್ಕಳು ಓದುತ್ತಿದ್ದರು. ಅಣ್ಣ ಹತ್ತನೇ ತರಗತಿ, ಒಬ್ಬ ತಂಗಿ ಒಂಬತ್ತು, ಇನ್ನೊಬ್ಬಳು ಐದು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ರಾಷ್ಟ್ರಗೀತೆ ಶುರುವಾದಾಗ ಎಲ್ಲರಂತೆ ಇವರೂ ನೆಟ್ಟಗೆ ನಿಲ್ಲುತ್ತಿದ್ದರು. ಆದರೆ ಬಾಯಿ ತೆರೆಯುತ್ತಿರಲಿಲ್ಲ. ಅದೇ ಶಾಲೆಯಲ್ಲಿ ಓದಿ ಹೋಗಿದ್ದ ಅವರ ಅಕ್ಕಂದಿರೂ ಹೀಗೇ ಮಾಡಿದ್ದರು. ಯಾರಿಗೂ ಅದು ತಪ್ಪಾಗಿ ಕಂಡಿರಲಿಲ್ಲ. ಮೇಷ್ಟ್ರುಗಳಿಗೆ ಗೊತ್ತಿತ್ತು, ಸಹಪಾಠಿಗಳಿಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು.

ಆ ಜುಲೈಯಲ್ಲಿ ಶಾಸಕರೊಬ್ಬರ ಕಣ್ಣಿಗೆ ಇದು ಬಿತ್ತು. ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು, ವಿಚಾರಣೆಗೆ ಒಂದು ಆಯೋಗ ನೇಮಕವಾಯಿತು. ಮಕ್ಕಳು ಒಳ್ಳೆಯ ನಡತೆಯವರು, ರಾಷ್ಟ್ರಗೀತೆಗೆ ಅಗೌರವ ತೋರಿಸಿಲ್ಲ ಎಂದೇ ಆಯೋಗ ಹೇಳಿತು. ಆದರೂ ಶಿಕ್ಷಣ ಇಲಾಖೆಯ ಮೇಲಿನವರ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಹಾಕಿದರು. ಸರಕಾರದ ಆದೇಶ ಬರುವವರೆಗಾದರೂ ಪಾಠಕ್ಕೆ ಕೂರಿಸಿ ಎಂದು ಅಪ್ಪ ಕೇಳಿಕೊಂಡರು. ನನ್ನ ಕೈಯಲ್ಲಿ ಏನೂ ಇಲ್ಲ ಎಂಬ ಉತ್ತರ ಬಂತು.

ಮುಂದಿನ ಕತೆ ಕಾನೂನು ಓದಿದವರಿಗೆಲ್ಲ ಗೊತ್ತು. ಬಿಜೋ ಇಮ್ಯಾನುವೆಲ್ ವಿರುದ್ಧ ಕೇರಳ ರಾಜ್ಯ ಎಂಬ ಹೆಸರಿನಲ್ಲಿ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1986ರ ಆಗಸ್ಟ್ 11ರಂದು ಮಕ್ಕಳ ಪರವಾಗಿ ತೀರ್ಮಾನವಾಯಿತು. ನಾನು ಆ ತೀರ್ಪನ್ನು ಪೂರ್ತಿ ಓದಿದ್ದು 2016ರ ಕೊನೆಯಲ್ಲಿ. ಸಿನಿಮಾ ಮಂದಿರಗಳಲ್ಲಿ ಪ್ರತಿ ಪ್ರದರ್ಶನಕ್ಕೂ ಮೊದಲು ರಾಷ್ಟ್ರಗೀತೆ ಹಾಕಬೇಕು, ಎಲ್ಲರೂ ಎದ್ದು ನಿಲ್ಲಬೇಕು ಎಂದು ಸುಪ್ರೀಂ ಕೋರ್ಟೇ ಆ ನವೆಂಬರ್ 30ರಂದು ಹೇಳಿತ್ತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಪರ ವಿರೋಧ ಜೋರಾಗಿತ್ತು. 2018ರ ಜನವರಿಯಲ್ಲಿ ಆ ಆದೇಶ ಸಡಿಲವಾಯಿತು, ಗಲಾಟೆಯೂ ತಣ್ಣಗಾಯಿತು. ನನ್ನ ತಲೆಯಲ್ಲಿ ಮಾತ್ರ ಕಿಡಂಗೂರಿನ ಮಕ್ಕಳು ಉಳಿದುಕೊಂಡರು.

ಕಾರಣ ಇಷ್ಟೇ. ಆ ತೀರ್ಪು ಮಕ್ಕಳ ನಂಬಿಕೆಯನ್ನು ಗೌರವಿಸುತ್ತದೆ, ಆದರೆ ಆ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ಹೆಚ್ಚು ಕೆದಕುವುದಿಲ್ಲ. ನ್ಯಾಯಾಲಯಕ್ಕೆ ಅದು ಬೇಕಿರಲಿಲ್ಲ, ನನಗೆ ಬೇಕಿತ್ತು. ಹತ್ತು ಹದಿನೈದು ವರ್ಷದ ಮಕ್ಕಳು ದಿನಾ ಬೆಳಿಗ್ಗೆ ನೂರಾರು ಜನರ ನಡುವೆ ಬಾಯಿ ಮುಚ್ಚಿ ನಿಲ್ಲಬೇಕಾದರೆ ಅದರ ಹಿಂದೆ ಏನೋ ದೊಡ್ಡದಿರಬೇಕು. ಇತ್ತು. ನಾವು ಈಗಾಗಲೇ ಒಂದು ರಾಜ್ಯದ ಪ್ರಜೆಗಳು, ಆ ರಾಜ್ಯ ದೇವರದು, ಅದಕ್ಕೊಬ್ಬ ರಾಜನಿದ್ದಾನೆ, ಉಳಿದ ಸರಕಾರಗಳಿಗೆ ನಾವು ತೆರಿಗೆ ಕೊಡುತ್ತೇವೆ, ಅವುಗಳ ಕಾನೂನು ಪಾಲಿಸುತ್ತೇವೆ, ಆದರೆ ನಿಷ್ಠೆಯ ಹಾಡು ಹಾಡುವುದಿಲ್ಲ ಎಂಬ ನಂಬಿಕೆ. ಅದರ ಬೇರು ಕ್ರೈಸ್ತ ಧರ್ಮದ ಮೊದಲ ಶತಮಾನದಲ್ಲೇ ಇದೆ.

ಯೇಸುವಿನ ಬಾಯಲ್ಲಿ ಹೆಚ್ಚು ಸಲ ಬರುವ ಮಾತು ದೇವರ ರಾಜ್ಯ. ರೋಮನ್ ಸಾಮ್ರಾಜ್ಯದ ಒಂದು ಮೂಲೆಯಲ್ಲಿ ನಿಂತು ಇನ್ನೊಂದು ರಾಜ್ಯದ ಬಗ್ಗೆ ಮಾತಾಡುವುದು ಸುಮ್ಮನೆ ಭಕ್ತಿಯ ಮಾತಾಗಿ ಕೇಳಿಸುವಂಥದ್ದಲ್ಲ. ಅದಕ್ಕೇ ಅವನ ವಿರೋಧಿಗಳು ಕೈಸರನಿಗೆ ತೆರಿಗೆ ಕೊಡಬೇಕೋ ಬೇಡವೋ ಎಂದು ಸಿಕ್ಕಿಸುವ ಪ್ರಶ್ನೆ ಕೇಳಿದರು. ಅವನು ನಾಣ್ಯ ತರಿಸಿ, ಇದರ ಮೇಲಿನ ಮುಖ ಯಾರದು ಎಂದು ಕೇಳಿ, ಕೈಸರನದನ್ನು ಅವನಿಗೆ, ದೇವರದನ್ನು ದೇವರಿಗೆ ಕೊಡಿ ಎಂದ. ಆ ಕಾಲದಲ್ಲಿ ಚಲಾವಣೆಯಲ್ಲಿದ್ದ ತಿಬೇರಿಯನ ಬೆಳ್ಳಿ ದಿನಾರಿಯಸ್ ಮೇಲೆ, ಇವನು ದೈವೀ ಅಗಸ್ಟಸನ ಮಗ ಎಂದು ಬರೆದಿರುತ್ತಿತ್ತು. ಯಾವುದು ಯಾರದು ಎಂಬ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ಎರಡು ಸಾವಿರ ವರ್ಷ ಜನ ಆ ಗೆರೆಗಾಗಿ ಜಗಳವಾಡಿದ್ದಾರೆ.

ಬೈಬಲಿನೊಳಗೇ ಎರಡು ದನಿಗಳಿವೆ. ಪೌಲನು ರೋಮಿನವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಸರಕಾರ ದೇವರ ಸೇವಕ, ಅಧಿಕಾರಿಗಳಿಗೆ ತಗ್ಗಿ ನಡೆಯಿರಿ, ಕೊಡಬೇಕಾದ ತೆರಿಗೆ ಕೊಡಿ ಎನ್ನುತ್ತಾನೆ. ಆಗ ಸಿಂಹಾಸನದಲ್ಲಿದ್ದವನು ನೀರೋ ಎಂಬುದನ್ನು ನೆನಪಿಡಬೇಕು. ಕೊನೆಯ ಪುಸ್ತಕವಾದ ಪ್ರಕಟನೆಯ ಅಧ್ಯಾಯವೂ 13ನೆಯದೇ, ಅಲ್ಲಿ ಸಾಮ್ರಾಜ್ಯವೆಂದರೆ ಸಮುದ್ರದಿಂದ ಎದ್ದುಬಂದ ಹತ್ತು ಕೊಂಬಿನ ಮೃಗ, ಅದು ಪೂಜೆ ಕೇಳುತ್ತದೆ. ಸರಕಾರ ಸೇವಕನೂ ಹೌದು, ಮೃಗವೂ ಹೌದು. ಯಾವಾಗ ಯಾವುದು ಎಂದು ಹೇಗೆ ಗೊತ್ತಾಗಬೇಕು? ಕ್ರೈಸ್ತರ ರಾಜಕೀಯ ಚಿಂತನೆಯ ಬಹುಪಾಲು ಈ ಎರಡು ಹದಿಮೂರುಗಳ ನಡುವಿನ ಓಡಾಟ ಎಂದು ನನಗೆ ಅನ್ನಿಸುತ್ತದೆ.

ಈ ಪ್ರಶ್ನೆ ಸರಕಾರಿ ಕಾಗದದಲ್ಲಿ ಮೊದಲು ಕಾಣಿಸಿಕೊಂಡದ್ದು ಸುಮಾರು ಕ್ರಿ.ಶ. 112ರಲ್ಲಿ. ಇಂದಿನ ಟರ್ಕಿಯ ಉತ್ತರ ಭಾಗದಲ್ಲಿದ್ದ ಬಿಥಿನಿಯ ಪ್ರಾಂತಕ್ಕೆ ಪ್ಲಿನಿ ರಾಜ್ಯಪಾಲ. ಓದಿಕೊಂಡವನು, ಸಭ್ಯ, ಏನೇ ಸಂಶಯ ಬಂದರೂ ಚಕ್ರವರ್ತಿ ಟ್ರಾಜನನಿಗೆ ಕಾಗದ ಬರೆಯುವ ಜಾತಿಯ ಅಧಿಕಾರಿ. ಅವನ ಮುಂದೆ ಕ್ರೈಸ್ತರೆಂಬ ಆಪಾದನೆಯ ಮೇಲೆ ಜನರನ್ನು ತಂದು ನಿಲ್ಲಿಸುತ್ತಾರೆ. ಇವರನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯದು. ವಿಚಾರಿಸಿದರೆ ಸಿಕ್ಕಿದ್ದು ಇಷ್ಟು: ಇವರು ಗೊತ್ತಾದ ದಿನ ಬೆಳಕು ಹರಿಯುವ ಮೊದಲು ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳ್ಳತನ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಒಬ್ಬರಿಗೊಬ್ಬರು ಆಣೆ ಮಾಡಿಕೊಳ್ಳುತ್ತಾರೆ, ಆಮೇಲೆ ಸೇರಿ ಊಟ ಮಾಡುತ್ತಾರೆ. ಇನ್ನೂ ಏನಾದರೂ ಇದ್ದೀತು ಎಂದು ಇಬ್ಬರು ದಾಸಿಯರಿಗೆ ಹಿಂಸೆ ಕೊಟ್ಟು ನೋಡಿದ. ಹೆಚ್ಚಿನದೇನೂ ಹೊರಬರಲಿಲ್ಲ.

ಕೊನೆಗೆ ಪ್ಲಿನಿ ಒಂದು ಪರೀಕ್ಷೆ ಮಾಡಿಕೊಂಡ. ಚಕ್ರವರ್ತಿಯ ವಿಗ್ರಹ ತರಿಸಿ, ಅದರ ಮುಂದೆ ಒಂದಿಷ್ಟು ಧೂಪ ಹಾಕಿ, ದ್ರಾಕ್ಷಾರಸ ಎರೆದು, ಕ್ರಿಸ್ತನನ್ನು ಬೈದವರನ್ನು ಬಿಟ್ಟುಬಿಟ್ಟ. ಒಪ್ಪದವರನ್ನು ಮೂರು ಸಲ ಕೇಳಿದ, ಪ್ರತಿ ಸಲವೂ ಪರಿಣಾಮ ಏನೆಂದು ಎಚ್ಚರಿಸಿದ. ಆಮೇಲೂ ಬಗ್ಗದವರನ್ನು ಕೊಲ್ಲಿಸಿದ. ಇವರ ನಂಬಿಕೆ ಏನೇ ಇರಲಿ, ಈ ಹಟಮಾರಿತನಕ್ಕಾದರೂ ಶಿಕ್ಷೆ ಆಗಲೇಬೇಕಲ್ಲ ಎಂಬ ಅರ್ಥದ ಮಾತನ್ನು ಅವನು ಚಕ್ರವರ್ತಿಗೆ ಬರೆಯುತ್ತಾನೆ. ಆ ಸಾಲಿನಲ್ಲಿ ನಾನು ಬಹಳ ಹೊತ್ತು ನಿಂತೆ. ಅವರು ಮಾಡಿದ್ದು ಅಪರಾಧವೋ ಅಲ್ಲವೋ ಅವನಿಗೆ ಗೊತ್ತಿಲ್ಲ. ಒಂದು ಚಿಟಿಕೆ ಧೂಪ ಹಾಕಿದರೆ ಮುಗಿಯಿತು, ಅಷ್ಟನ್ನೂ ಮಾಡುವುದಿಲ್ಲವಲ್ಲ ಎಂಬುದೇ ಅವನ ಸಿಟ್ಟು. ಇಷ್ಟು ಚಿಕ್ಕದಕ್ಕೆ ಯಾಕೆ ಇಷ್ಟು ರಗಳೆ ಎಂದು ಕೇಳುವ ಸರಕಾರಕ್ಕೆ, ಇಷ್ಟು ಚಿಕ್ಕದಾದರೆ ನಿಮಗೆ ಅದು ಯಾಕೆ ಬೇಕು ಎಂಬ ಮರುಪ್ರಶ್ನೆ ಹೊಳೆಯುವುದೇ ಇಲ್ಲ.

ಇದಕ್ಕೆ ಕ್ರೈಸ್ತರ ಉತ್ತರವನ್ನು ಕಾರ್ಥೇಜಿನ ತೆರ್ತುಲಿಯನ್ 197ರ ಹೊತ್ತಿಗೆ ಬರೆದ. ನಾವು ಚಕ್ರವರ್ತಿಗಾಗಿ ದೇವರನ್ನು ಬೇಡುತ್ತೇವೆ, ಅವನ ಆಯುಷ್ಯಕ್ಕೆ, ಸೈನ್ಯಕ್ಕೆ, ರಾಜ್ಯದ ನೆಮ್ಮದಿಗೆ ಬೇಡುತ್ತೇವೆ, ಆದರೆ ಅವನನ್ನೇ ದೇವರೆಂದು ಬೇಡುವುದಿಲ್ಲ ಎನ್ನುವುದು ಅದರ ತಿರುಳು. ಎದ್ದು ನಿಲ್ಲುತ್ತೇವೆ, ಆದರೆ ಹಾಡುವುದಿಲ್ಲ ಎಂಬುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಎದುರು ಪಕ್ಷದ ವಾದವೂ ದಡ್ಡತನದ್ದಲ್ಲ. ಅದೇ ಶತಮಾನದಲ್ಲಿ ಕೆಲ್ಸಸ್ ಎಂಬ ಗ್ರೀಕ್ ವಿದ್ವಾಂಸ ಕೇಳಿದ್ದ: ಎಲ್ಲರೂ ನಿಮ್ಮ ಹಾಗೇ ಮಾಡಿದರೆ ಚಕ್ರವರ್ತಿ ಒಂಟಿಯಾಗುತ್ತಾನೆ, ಗಡಿಯಾಚೆಯ ಅನಾಗರಿಕರು ಬಂದು ಎಲ್ಲವನ್ನೂ ಹಾಳುಮಾಡುತ್ತಾರೆ, ಆಗ ನಿಮ್ಮ ಧರ್ಮವೂ ಉಳಿಯುವುದಿಲ್ಲ. ಇವತ್ತಿನ ಟಿವಿ ಚರ್ಚೆಯಲ್ಲೂ ಹೀಗೇ ಕೇಳುತ್ತಾರೆ, ಆದರೆ ಕೆಲ್ಸಸ್ ಕಿರುಚಿರಲಿಲ್ಲ. ಒರಿಗೆನ್ ಅವನಿಗೆ ಉದ್ದನೆಯ ಉತ್ತರ ಬರೆದ: ಎಲ್ಲರೂ ನಮ್ಮ ಹಾಗಾದರೆ ಆ ಅನಾಗರಿಕರೂ ನಮ್ಮ ಹಾಗಾಗಿರುತ್ತಾರಲ್ಲ ಎಂದು. ಚತುರ ಉತ್ತರವೇ. ಆದರೆ ಗಡಿ ಕಾಯುವವನಿಗೆ ಅದರಿಂದ ಸಮಾಧಾನವಾಗಿರಲಾರದು.

ನಾಲ್ಕನೇ ಶತಮಾನದಲ್ಲಿ ಆಟವೇ ಬದಲಾಯಿತು. ಕಾನ್‌ಸ್ಟಂಟೈನ್ ಕ್ರೈಸ್ತರ ಪಕ್ಷ ವಹಿಸಿದ, 380ರಲ್ಲಿ ಥಿಯೊಡೋಸಿಯಸ್ ಅದನ್ನೇ ಸಾಮ್ರಾಜ್ಯದ ಧರ್ಮ ಮಾಡಿದ. ಧೂಪ ಹಾಕದೆ ಸತ್ತವರ ಮೊಮ್ಮಕ್ಕಳು ಅಧಿಕಾರದ ಕುರ್ಚಿಯಲ್ಲಿ ಕೂತರು. ಅಲ್ಲಿಂದ ಮುಂದೆ ಬಹುಪಾಲು ಚರ್ಚುಗಳಿಗೆ ರೋಮಿನವರ 13ನೇ ಅಧ್ಯಾಯವೇ ಆಪ್ತವಾಯಿತು. 410ರಲ್ಲಿ ರೋಮ್ ಲೂಟಿಯಾದ ಮೇಲೆ ಅಗಸ್ಟೀನ್ ದೇವರ ನಗರ ಬೇರೆ, ಭೂಮಿಯ ನಗರ ಬೇರೆ, ಕಾಲ ಮುಗಿಯುವವರೆಗೂ ಅವು ಒಂದರೊಳಗೊಂದು ಹೆಣೆದುಕೊಂಡೇ ಇರುತ್ತವೆ ಎಂದು ದೊಡ್ಡ ಗ್ರಂಥ ಬರೆದ. 1523ರಲ್ಲಿ ಲೂಥರ್ ದೇವರು ಎರಡು ಆಡಳಿತ ನಡೆಸುತ್ತಾನೆ, ಆತ್ಮಕ್ಕೊಂದು, ಶರೀರಕ್ಕೊಂದು, ಎರಡನೆಯದರ ಕತ್ತಿ ರಾಜನ ಕೈಯಲ್ಲಿದೆ ಎಂದ. ಎರಡೂ ದೊಡ್ಡ ಚಿಂತನೆಗಳು. ಎರಡರಲ್ಲೂ ಒಳ್ಳೆಯ ಕ್ರೈಸ್ತನೊಬ್ಬ ನ್ಯಾಯಾಧೀಶನಾಗಬಹುದು, ಸೈನಿಕನೂ ಆಗಬಹುದು.

ಆಗಲಾರೆ ಎಂದವರು ಅಂಚಿನವರು. 1527ರ ಫೆಬ್ರವರಿಯಲ್ಲಿ ಸ್ವಿಸ್ ಗಡಿಯ ಶ್ಲೈಟ್‌ಹೈಮ್ ಎಂಬಲ್ಲಿ ಅನಾಬ್ಯಾಪ್ಟಿಸ್ಟರ ಒಂದು ಗುಂಪು ಸೇರಿ, ನಾವು ಕತ್ತಿ ಹಿಡಿಯುವುದಿಲ್ಲ, ನ್ಯಾಯಾಧಿಕಾರಿಗಳಾಗುವುದಿಲ್ಲ, ಪ್ರಮಾಣ ಮಾಡುವುದಿಲ್ಲ ಎಂದು ತೀರ್ಮಾನಿಸಿತು. ಆ ಕಾಲದ ಊರುಗಳು ನಿಂತಿದ್ದೇ ಪ್ರಮಾಣದ ಮೇಲೆ, ಆದ್ದರಿಂದ ಅದನ್ನು ನಿರಾಕರಿಸಿದವನು ಊರಿನವನೇ ಅಲ್ಲ. ಆ ನಿರ್ಣಯಗಳ ಹಿಂದಿದ್ದ ಮಿಖಾಯೆಲ್ ಸಾಟ್ಲರ್, ಒಂದು ಕಾಲಕ್ಕೆ ಮಠದಲ್ಲಿ ಸನ್ಯಾಸಿಯಾಗಿದ್ದವನು. ಅದೇ ವರ್ಷದ ಮೇ ತಿಂಗಳಲ್ಲಿ ಅವನ ನಾಲಿಗೆ ಕತ್ತರಿಸಿ ಸುಟ್ಟರು. ಕೆಲವೇ ದಿನಗಳಲ್ಲಿ ಅವನ ಹೆಂಡತಿಯನ್ನು ನದಿಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದ ಸರಕಾರವೂ ಕ್ರೈಸ್ತರದೇ.

ಇಷ್ಟು ದೂರದಿಂದ ಕಿಡಂಗೂರಿಗೆ ಬರುವ ದಾರಿ ಅಮೆರಿಕದ ಪಿಟ್ಸ್‌ಬರ್ಗ್ ಮೂಲಕ ಹಾದುಹೋಗುತ್ತದೆ. 1870ರ ದಶಕದಲ್ಲಿ ಅಲ್ಲಿ ಚಾರ್ಲ್ಸ್ ಟೇಜ್ ರಸೆಲ್ ಎಂಬ ಬಟ್ಟೆ ವ್ಯಾಪಾರಿ ಬೈಬಲ್ ಓದುವ ಗುಂಪು ಕಟ್ಟಿದ. ಅದೇ ಬೆಳೆದು 1931ರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಹೆಸರು ಪಡೆಯಿತು. ರೈಲ್ವೆ ನಿಲ್ದಾಣದ ಪಕ್ಕ ಪತ್ರಿಕೆಗಳನ್ನು ಜೋಡಿಸಿಟ್ಟುಕೊಂಡು ಇಬ್ಬಿಬ್ಬರಾಗಿ ಸುಮ್ಮನೆ ನಿಂತಿರುವವರನ್ನು ನೀವು ನೋಡಿರುತ್ತೀರಿ, ಅವರೇ. ಕನ್ನಡದಲ್ಲಿ ಅವರ ಪತ್ರಿಕೆಗೆ ಕಾವಲಿನಬುರುಜು ಎಂದು ಹೆಸರು. 1926ರಲ್ಲಿ ಎಡ್ವಿನ್ ಸ್ಕಿನ್ನರ್ ಎಂಬ ಇಂಗ್ಲಿಷಿನವನು ಬಂದು ಮುಂಬಯಿಯಲ್ಲಿ ಅವರ ಕಚೇರಿ ತೆರೆದ. ಈಗ ಭಾರತದ ಕಚೇರಿ ಬೆಂಗಳೂರಿನಲ್ಲಿದೆ. ತ್ರಿತ್ವವನ್ನು ಒಪ್ಪದ ಇವರನ್ನು ಉಳಿದ ಚರ್ಚುಗಳು ತಮ್ಮವರೆಂದು ಎಣಿಸುವುದಿಲ್ಲ, ಆ ಜಗಳಕ್ಕೆ ನಾನು ಇಲ್ಲಿ ಕೈಹಾಕುವುದಿಲ್ಲ.

ಅವರ ನಂಬಿಕೆಯಲ್ಲಿ ದೇವರ ರಾಜ್ಯವೆಂದರೆ ಮನಸ್ಸಿನೊಳಗಿನ ಶಾಂತಿಯೂ ಅಲ್ಲ, ಸತ್ತ ಮೇಲಿನ ಸ್ವರ್ಗವೂ ಅಲ್ಲ. ಅದೊಂದು ನಿಜವಾದ ಸರಕಾರ, 1914ರಲ್ಲಿ ಪರಲೋಕದಲ್ಲಿ ಅಧಿಕಾರಕ್ಕೆ ಬಂದಿದೆ, ಭೂಮಿಯ ಸರಕಾರಗಳು ಅದು ಪೂರ್ತಿ ಇಳಿದುಬರುವವರೆಗಿನ ತಾತ್ಕಾಲಿಕ ವ್ಯವಸ್ಥೆ. ಬೇರೆ ದೇಶದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ವಾಸಿಸುವವನ ಹಾಗೆ ಇವರ ನಡತೆ. ಬಾಡಿಗೆ, ತೆರಿಗೆ, ಟ್ರಾಫಿಕ್ ನಿಯಮ ಎಲ್ಲವನ್ನೂ ಪಾಲಿಸುತ್ತಾರೆ. ಮತ ಹಾಕುವುದಿಲ್ಲ, ಚುನಾವಣೆಗೆ ನಿಲ್ಲುವುದಿಲ್ಲ, ಸೈನ್ಯಕ್ಕೆ ಸೇರುವುದಿಲ್ಲ, ಧ್ವಜಕ್ಕೆ ವಂದಿಸುವುದಿಲ್ಲ, ಯಾವ ದೇಶದ ರಾಷ್ಟ್ರಗೀತೆಯನ್ನೂ ಹಾಡುವುದಿಲ್ಲ. ಪೌಲನ ಮಾತನ್ನು ಇವರು ಏನು ಮಾಡಿಕೊಂಡರು ಎಂಬುದು ಕುತೂಹಲದ ವಿಷಯ. ರಸೆಲ್ ನಂತರ ಮುಖ್ಯಸ್ಥನಾದ ರುದರ್‌ಫರ್ಡ್ ವೃತ್ತಿಯಿಂದ ವಕೀಲ, ಮೊದಲ ಮಹಾಯುದ್ಧದಲ್ಲಿ ಸರಕಾರದ ವಿರುದ್ಧ ಬರೆದದ್ದಕ್ಕೆ ಜೈಲು ಕಂಡವನು. 1929ರಲ್ಲಿ ಇವರ ಪತ್ರಿಕೆ, ಪೌಲ ಹೇಳಿದ ಮೇಲಿನ ಅಧಿಕಾರ ಎಂದರೆ ಸರಕಾರವಲ್ಲ, ದೇವರು ಮತ್ತು ಕ್ರಿಸ್ತ ಎಂದು ಅರ್ಥ ಬದಲಿಸಿತು. 1962ರಲ್ಲಿ ಮತ್ತೆ ಹಳೆಯ ಅರ್ಥಕ್ಕೇ ಮರಳಿ, ಸರಕಾರವೇ ಸರಿ, ಆದರೆ ಅದಕ್ಕೆ ತಗ್ಗುವುದು ದೇವರ ಮಾತಿಗೆ ಅಡ್ಡಿ ಬರದಷ್ಟೇ ಎಂದಿತು. ಆ ನಡುವಿನ 33 ವರ್ಷಗಳಲ್ಲೇ ಇವರಿಗೆ ಅತ್ಯಂತ ಕಠಿಣ ಪರೀಕ್ಷೆಗಳು ಎದುರಾದವು.

ಜರ್ಮನಿಯಲ್ಲಿ ಹಿಟ್ಲರ್ ಬಂದಾಗ ಇವರು ಸುಮಾರು 25,000 ಜನ. ಆರಂಭದಲ್ಲಿ ಇವರೂ ಸರಕಾರವನ್ನು ಒಲಿಸಿಕೊಳ್ಳಲು ನೋಡಿದರು. 1933ರ ಜೂನಿನಲ್ಲಿ ಬರ್ಲಿನ್ ಸಭೆಯೊಂದರಲ್ಲಿ ತಾವು ಸರಕಾರದ ವಿರೋಧಿಗಳಲ್ಲ ಎಂದು ಹೊರಡಿಸಿದ ಹೇಳಿಕೆಯಲ್ಲಿ ಯಹೂದಿಗಳ ಬಗ್ಗೆ ಕೆಟ್ಟ ಮಾತುಗಳೂ ಇದ್ದವು. ವೀರರ ಕತೆ ಹೇಳುವವರು ಇದನ್ನು ದಾಟಿಕೊಂಡು ಹೋಗುತ್ತಾರೆ, ಹಾಗೆ ಹೋಗಬಾರದು. ಆದರೆ ಆ ಹೇಳಿಕೆಯಿಂದ ಏನೂ ಉಪಯೋಗವಾಗಲಿಲ್ಲ, ನಿಷೇಧ ಬಿತ್ತು. ಆಮೇಲೆ ಇವರು ಬಗ್ಗಲಿಲ್ಲ. ಕೈ ಎತ್ತಿ ಹೈಲ್ ಹಿಟ್ಲರ್ ಎನ್ನಲಿಲ್ಲ, ಬಂದೂಕು ಹಿಡಿಯಲಿಲ್ಲ. ಕೆಲಸ ಹೋಯಿತು, ಮಕ್ಕಳನ್ನು ಕಿತ್ತುಕೊಂಡರು. ಸೆರೆಶಿಬಿರಗಳಲ್ಲಿ ಇವರ ಅಂಗಿಯ ಮೇಲೆ ನೇರಳೆ ತ್ರಿಕೋನ. 1939ರ ಸೆಪ್ಟೆಂಬರ್ 15ರಂದು ಸಾಕ್ಸನ್‌ಹೌಸನ್ ಶಿಬಿರದಲ್ಲಿ ಆಗಸ್ಟ್ ಡಿಕ್‌ಮನ್ ಎಂಬವನನ್ನು, ಸೈನ್ಯಕ್ಕೆ ಸೇರಲೊಪ್ಪದ ಕಾರಣಕ್ಕೆ, ಉಳಿದ ಕೈದಿಗಳ ಕಣ್ಣೆದುರೇ ಗುಂಡಿಟ್ಟು ಕೊಂದರು. ಜರ್ಮನಿಯ ಸಾಕ್ಷಿಗಳಲ್ಲಿ ಶಿಬಿರಗಳಲ್ಲಿ ಸತ್ತವರು ಸುಮಾರು ಒಂದು ಸಾವಿರ. ಯುದ್ಧಕ್ಕೆ ಹೋಗಲೊಲ್ಲದೆ ಮರಣದಂಡನೆಗೆ ಗುರಿಯಾದವರು 250ಕ್ಕೂ ಹೆಚ್ಚು.

ಯಹೂದಿಗಳಿಗೆ ಇಲ್ಲದ ಒಂದು ಬಾಗಿಲು ಇವರಿಗಿತ್ತು. ಶಿಬಿರದ ಕಚೇರಿಯಲ್ಲಿ ಒಂದು ಹಾಳೆ ಸಿದ್ಧವಿರುತ್ತಿತ್ತು: ನನ್ನ ನಂಬಿಕೆ ತಪ್ಪೆಂದು ತಿಳಿದಿದ್ದೇನೆ, ಅದನ್ನು ಬಿಟ್ಟಿದ್ದೇನೆ, ಮುಂದೆ ಯಾರಾದರೂ ಅದನ್ನು ಹರಡಿದರೆ ಪೊಲೀಸರಿಗೆ ತಿಳಿಸುತ್ತೇನೆ ಎಂಬ ಅರ್ಥದ ಬರಹ. ಸಹಿ ಹಾಕಿದರೆ ಬಿಡುಗಡೆ. ಬಹಳ ಕಡಿಮೆ ಜನ ಹಾಕಿದರು. ಪ್ಲಿನಿಯ ಧೂಪ ಈಗ ಕಾಗದವಾಗಿತ್ತು.

ಅಮೆರಿಕದ ಶಾಲೆಗಳಲ್ಲಿ ಆಗ ಧ್ವಜವಂದನೆಗೆ ಮಕ್ಕಳು ಬಲಗೈಯನ್ನು ಮುಂದಕ್ಕೆ ಚಾಚುತ್ತಿದ್ದರು, ನೋಡುವುದಕ್ಕೆ ನಾಜಿಗಳ ವಂದನೆಯ ಹಾಗೆಯೇ. ಅದು ಬದಲಾಗಿ ಎದೆಯ ಮೇಲೆ ಕೈಯಿಡುವ ಪದ್ಧತಿ ಬಂದದ್ದು 1942ರ ಕೊನೆಗೆ. 1935ರಲ್ಲಿ ಜರ್ಮನಿಯ ಸುದ್ದಿ ಕೇಳಿದ್ದ ಸಾಕ್ಷಿಗಳ ಕೆಲವು ಮಕ್ಕಳು ನಾವೂ ಕೈ ಚಾಚುವುದಿಲ್ಲ ಎಂದರು. ಪೆನ್ಸಿಲ್ವೇನಿಯದ ಮೈನರ್ಸ್‌ವಿಲ್ ಎಂಬ ಗಣಿ ಊರಿನಲ್ಲಿ ಹತ್ತು ವರ್ಷದ ವಿಲಿಯಂ ಗೋಬೈಟಸ್, ಮರುದಿನ ಅವನ ಹನ್ನೆರಡು ವರ್ಷದ ಅಕ್ಕ ಲಿಲಿಯನ್. ಇಬ್ಬರನ್ನೂ ಶಾಲೆಯಿಂದ ಹೊರಹಾಕಿದರು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು, ರುದರ್‌ಫರ್ಡ್ ಸ್ವತಃ ವಾದ ಮಾಡಿದ. 1940ರ ಜೂನ್ 3ರಂದು ಎಂಟಕ್ಕೆ ಒಂದು ಮತದಿಂದ ಮಕ್ಕಳು ಸೋತರು. ತೀರ್ಪು ಬರೆದವರು ಫೆಲಿಕ್ಸ್ ಫ್ರಾಂಕ್‌ಫರ್ಟರ್, ಹನ್ನೆರಡನೇ ವಯಸ್ಸಿನಲ್ಲಿ ವಿಯೆನ್ನಾದಿಂದ ವಲಸೆ ಬಂದ ಯಹೂದಿ, ಹೊಸ ದೇಶವನ್ನು ಮನಸಾರೆ ಪ್ರೀತಿಸಿದವರು. ಆ ವಾರ ಬ್ರಿಟಿಷ್ ಸೈನ್ಯ ಡನ್‌ಕರ್ಕಿನಿಂದ ಓಡಿ ಪಾರಾಗುತ್ತಿತ್ತು, ಫ್ರಾನ್ಸ್ ಕುಸಿಯುತ್ತಿತ್ತು. ರಾಷ್ಟ್ರದ ಒಗ್ಗಟ್ಟೇ ರಾಷ್ಟ್ರದ ಭದ್ರತೆಗೆ ಆಧಾರ ಎಂದು ಅವರು ಬರೆದದ್ದು ನನಗೆ ಅರ್ಥವಾಗುತ್ತದೆ. ವಲಸೆ ಬಂದವನಿಗೆ, ನಾನೂ ಇಲ್ಲಿಯವನೇ ಎಂದು ತೋರಿಸಿಕೊಡುವ ಆಸೆ ಇರುತ್ತದೆ. ಹೊರರಾಜ್ಯದಲ್ಲಿ ಮನೆ ಮಾಡಿದ ನಮಗೆ ಅದು ಗೊತ್ತಿಲ್ಲದ್ದೇನಲ್ಲ.

ತೀರ್ಪು ಹೊರಬಿದ್ದ ವಾರದಲ್ಲೇ ಮೇನ್ ರಾಜ್ಯದ ಕೆನೆಬಂಕಿನಲ್ಲಿ ಸಾಕ್ಷಿಗಳ ಸಭಾಮಂದಿರಕ್ಕೆ ಬೆಂಕಿ ಬಿತ್ತು. ಊರೂರುಗಳಲ್ಲಿ ಗುಂಪುಗಳು ಇವರನ್ನು ಹಿಡಿದು ಹೊಡೆದವು. ಸಾವಿರಾರು ಮಕ್ಕಳನ್ನು ಶಾಲೆಗಳಿಂದ ಓಡಿಸಿದರು. ನ್ಯಾಯಾಧೀಶರೂ ಪತ್ರಿಕೆ ಓದುತ್ತಾರೆ. ಬಹುಮತದಲ್ಲಿದ್ದ ಮೂವರು ಎರಡೇ ವರ್ಷದಲ್ಲಿ, ಇನ್ನೊಂದು ತೀರ್ಪಿನಲ್ಲಿ, ಅಂದು ತಾವು ತೀರ್ಮಾನಿಸಿದ್ದು ತಪ್ಪೆಂದು ಬಹಿರಂಗವಾಗಿ ಬರೆದರು. ವೆಸ್ಟ್ ವರ್ಜೀನಿಯದಿಂದ ಬಂದ ಬಾರ್ನೆಟ್ ಪ್ರಕರಣದಲ್ಲಿ 1943ರ ಜೂನ್ 14ರಂದು, ಅವರ ಧ್ವಜದಿನದಂದೇ, ಕೋರ್ಟು ತನ್ನ ತೀರ್ಪನ್ನು ತಿರುಗಿಸಿತು. ದೇಶಭಕ್ತಿ, ಧರ್ಮ, ರಾಜಕೀಯ ಇವುಗಳಲ್ಲಿ ಸರಿ ಯಾವುದೆಂದು ಯಾವ ಅಧಿಕಾರಿಯೂ ಗೊತ್ತುಮಾಡಿ ಜನರ ಬಾಯಿಂದ ಹೇಳಿಸುವಂತಿಲ್ಲ ಎಂದು ಬರೆದವರು ರಾಬರ್ಟ್ ಜಾಕ್ಸನ್. ಎರಡು ವರ್ಷದ ಮೇಲೆ ನ್ಯೂರೆಂಬರ್ಗಿನಲ್ಲಿ ನಾಜಿಗಳ ವಿರುದ್ಧ ಅಮೆರಿಕದ ಪರವಾಗಿ ವಾದಿಸಿದವರೂ ಅವರೇ. ಯುದ್ಧ ಇನ್ನೂ ನಡೆಯುತ್ತಿದ್ದಾಗ ಇಂಥ ತೀರ್ಪು ಬಂತು ಎಂಬುದನ್ನು ಮರೆಯಬಾರದು. ಅಂದಹಾಗೆ ಎರಡೂ ಮನೆಗಳ ಹೆಸರನ್ನು ಕೋರ್ಟಿನ ದಾಖಲೆಗಳು ತಪ್ಪಾಗಿಯೇ ಬರೆದುಕೊಂಡಿವೆ, ಇವತ್ತಿಗೂ ಕಾನೂನು ಪುಸ್ತಕಗಳಲ್ಲಿ ಅವು ತಪ್ಪಾಗಿಯೇ ಇವೆ.

ಕಿಡಂಗೂರಿನ ಮಕ್ಕಳ ಅರ್ಜಿ ಕೇರಳ ಹೈಕೋರ್ಟಿನಲ್ಲಿ ಎರಡು ಸಲ ಬಿದ್ದುಹೋಯಿತು, ಮೊದಲು ಏಕಸದಸ್ಯ ಪೀಠದಲ್ಲಿ, ಆಮೇಲೆ ವಿಭಾಗೀಯ ಪೀಠದಲ್ಲಿ. ಆ ನ್ಯಾಯಮೂರ್ತಿಗಳು ರಾಷ್ಟ್ರಗೀತೆಯನ್ನು ಪದ ಪದವಾಗಿ ಪರಿಶೀಲಿಸಿ, ಇದರಲ್ಲಿ ಯಾರ ಧಾರ್ಮಿಕ ಭಾವನೆಗೂ ನೋವಾಗುವಂಥದ್ದೇನೂ ಇಲ್ಲ ಎಂದರು. ಮಾತು ನಿಜ, ಆದರೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಮಕ್ಕಳಿಗೆ ಟಾಗೋರರ ಯಾವ ಪದದ ಬಗ್ಗೆಯೂ ತಕರಾರಿರಲಿಲ್ಲ. ನೇಪಾಳದಲ್ಲಿ ಹುಟ್ಟಿದ್ದರೆ ನೇಪಾಳದ ಗೀತೆಯನ್ನೂ ಅವರು ಹಾಡುತ್ತಿರಲಿಲ್ಲ.

ಸುಪ್ರೀಂ ಕೋರ್ಟಿನಲ್ಲಿ ಪೀಠದಲ್ಲಿದ್ದವರು ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್. ತೀರ್ಪು ಬರೆದ ಚಿನ್ನಪ್ಪ ರೆಡ್ಡಿಯವರ ಹೆಸರು ಕರ್ನಾಟಕದವರಿಗೆ ಬೇರೆ ಕಾರಣಕ್ಕೆ ಪರಿಚಿತ. ನಿವೃತ್ತಿಯ ನಂತರ ನಮ್ಮ ಮೂರನೆಯ ಹಿಂದುಳಿದ ವರ್ಗಗಳ ಆಯೋಗಕ್ಕೆ ಅಧ್ಯಕ್ಷರಾಗಿ 1990ರಲ್ಲಿ ವರದಿ ಕೊಟ್ಟವರು. ತೀರ್ಪಿನ ಆರಂಭದಲ್ಲೇ ಅವರ ವ್ಯಂಗ್ಯ ಕಾಣುತ್ತದೆ. ವರ್ಷಗಟ್ಟಲೆ ಯಾರಿಗೂ ತೊಂದರೆಯೆನಿಸದ ಈ ಮಕ್ಕಳನ್ನು ಯಾರೋ ದೇಶಭಕ್ತ ಮಹನೀಯರು ಕಂಡರು, ಅವರು ಶಾಸಕರೂ ಆಗಿದ್ದರು ಎಂಬ ಧಾಟಿಯಲ್ಲಿ ಹೇಳುತ್ತಾ ಹೋಗುತ್ತಾರೆ. ಕಾನೂನಿನ ಭಾಗ ನೇರವಾಗಿದೆ. 1971ರ ರಾಷ್ಟ್ರಗೌರವ ಕಾಯ್ದೆ ಹಾಡುವವರನ್ನು ತಡೆಯುವುದನ್ನು, ಅಡ್ಡಿ ಮಾಡುವುದನ್ನು ಅಪರಾಧವೆನ್ನುತ್ತದೆ, ಹಾಡದಿರುವುದನ್ನಲ್ಲ. ಶಿಕ್ಷಣ ಇಲಾಖೆಯ ಸುತ್ತೋಲೆಗಳಿಗೆ ಕಾನೂನಿನ ಬಲವಿಲ್ಲ, ಸುತ್ತೋಲೆಯಿಂದ ಮೂಲಭೂತ ಹಕ್ಕನ್ನು ಮೊಟಕುಗೊಳಿಸಲಾಗದು. ಎದ್ದು ನಿಂತದ್ದೇ ಗೌರವ. ಮಾತಾಡುವ ಹಕ್ಕಿನಲ್ಲಿ ಸುಮ್ಮನಿರುವ ಹಕ್ಕೂ ಸೇರಿದೆ.

ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು 25ನೇ ವಿಧಿಯ ಬಗ್ಗೆ ಬರೆದದ್ದು. ಈ ನಂಬಿಕೆ ನಮಗೆ ವಿಚಿತ್ರವೆನಿಸಬಹುದು, ಆದರೆ ನಮ್ಮ ಬುದ್ಧಿಗೆ ಒಪ್ಪುತ್ತದೆಯೇ ಎಂಬುದು ಪ್ರಶ್ನೆಯಲ್ಲ, ಅವರು ಅದನ್ನು ಮನಃಪೂರ್ವಕ ನಂಬುತ್ತಾರೆಯೇ ಎಂಬುದಷ್ಟೇ ಪ್ರಶ್ನೆ ಎನ್ನುತ್ತಾರೆ. ಅದಕ್ಕೆ ಆಧಾರವಾಗಿ ಅವರು ಹಿಡಿಯುವ ಎಳೆಗಳಲ್ಲೊಂದು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ದಾವರ್ ಅವರದು. ಪಾರ್ಸಿಗಳು ಸತ್ತವರ ಹೆಸರಿನಲ್ಲಿ ನಡೆಸುವ ವಿಧಿಗಳ ಬಗ್ಗೆ 20ನೇ ಶತಮಾನದ ಆರಂಭದಲ್ಲಿ ಬಂದ ಪ್ರಕರಣವೊಂದರಲ್ಲಿ, ಒಂದು ಸಮುದಾಯ ಹೀಗೆ ನಂಬುತ್ತದೆ ಎಂದಾದರೆ ನ್ಯಾಯಾಧೀಶ ಅದನ್ನು ಒಪ್ಪಿಕೊಳ್ಳಬೇಕು, ಅದರ ಸರಿ ತಪ್ಪು ತೂಗಲು ಕೂರಬಾರದು ಎಂದು ಅವರು ಹೇಳಿದ್ದರು. ಅಗ್ನಿಮಂದಿರದವರಿಗಾಗಿ ಮುಂಬಯಿಯಲ್ಲಿ ಹೇಳಿದ ಮಾತು 1986ರಲ್ಲಿ ಕೇರಳದ ಮೂವರು ಮಕ್ಕಳ ಕೈಹಿಡಿಯಿತು. ಅವರನ್ನು ಮತ್ತೆ ಸೇರಿಸಿಕೊಳ್ಳಿ, ಅಡ್ಡಿಯಿಲ್ಲದೆ ಓದಲು ಬಿಡಿ ಎಂದು ಕೋರ್ಟು ಆದೇಶಿಸಿತು.

ಈ ಸಾಕ್ಷಿಗಳನ್ನು ಸ್ವಾತಂತ್ರ್ಯದ ದೂತರೆಂದು ಮೆರೆಸಲು ನನಗೆ ಇಷ್ಟವಿಲ್ಲ. ಸರಕಾರದಿಂದ ಆತ್ಮಸಾಕ್ಷಿಯ ಹಕ್ಕನ್ನು ಗೆದ್ದುಕೊಂಡ ಇವರು ತಮ್ಮೊಳಗೆ ಅದೇ ಹಕ್ಕನ್ನು ಕೊಡುವುದರಲ್ಲಿ ಬಹಳ ಜಿಪುಣರು. ಪಂಗಡ ಬಿಟ್ಟು ಹೋದವರ ಜೊತೆ ಹತ್ತಿರದ ನೆಂಟರೂ ಮಾತು ಬಿಡುವುದುಂಟು. ಮತ ಹಾಕದೆ ಕೂರುವವರ ನೆಮ್ಮದಿ ಮತ ಹಾಕುವವರ ಶ್ರಮದ ಮೇಲೆ ನಿಂತಿದೆ ಎಂಬ ಕೆಲ್ಸಸನ ಆಕ್ಷೇಪವೂ ನನ್ನ ಮಟ್ಟಿಗೆ ಪೂರ್ತಿ ಬಿದ್ದುಹೋಗಿಲ್ಲ. ಮಲಾವಿಯಲ್ಲಿ ಹೇಸ್ಟಿಂಗ್ಸ್ ಬಾಂಡಾ ಆಳುತ್ತಿದ್ದಾಗ ಆಳುವ ಪಕ್ಷದ ಸದಸ್ಯತ್ವದ ಚೀಟಿ ಕೊಳ್ಳಲು ಇವರು ಒಪ್ಪಲಿಲ್ಲ, ಚಿಲ್ಲರೆ ಕಾಸಿನ ಚೀಟಿ. ಮನೆಗಳು ಸುಟ್ಟವು, 1972ರಲ್ಲಿ ಸಾವಿರಾರು ಜನ ಗಡಿ ದಾಟಿ ಓಡಿದರು. ಇದನ್ನು ಓದುವಾಗ ಒಂದು ಚೀಟಿ ತೆಗೆದುಕೊಳ್ಳಬಾರದಿತ್ತೇ ಎಂದು ನನ್ನ ಬಾಯಿಂದಲೂ ಬಂತು. ಅದು ಪ್ಲಿನಿಯ ಮಾತು ಎಂದು ಹೊಳೆದದ್ದು ಆಮೇಲೆ.

2022ರಲ್ಲಿ ಈ ಪ್ರಕರಣ ನಮ್ಮ ರಾಜ್ಯಕ್ಕೇ ಬಂತು. ಉಡುಪಿಯಲ್ಲಿ ಶುರುವಾದ ಹಿಜಾಬ್ ತಕರಾರಿನಲ್ಲಿ ಹುಡುಗಿಯರ ವಕೀಲರು ಕಿಡಂಗೂರಿನ ತೀರ್ಪನ್ನು ಹಿಡಿದು ನಿಂತರು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಅದು ಇಲ್ಲಿಗೆ ಅನ್ವಯಿಸದು ಎಂದಿತು. ತಲೆವಸ್ತ್ರ ಇಸ್ಲಾಮಿಗೆ ಅತ್ಯಗತ್ಯವೇ ಎಂದು ನೋಡಲು ಕುರಾನಿನ ವಚನಗಳನ್ನು ಪರಿಶೀಲಿಸಿ, ಅಲ್ಲ ಎಂಬ ತೀರ್ಮಾನಕ್ಕೆ ಬಂತು. ಕೇರಳದ ಹೈಕೋರ್ಟು ರಾಷ್ಟ್ರಗೀತೆಯನ್ನು ಓದಿ ನೋಡಿದ ಹಾಗೆಯೇ ಇದು ಎಂದು ನನಗನ್ನಿಸಿತು. ಗ್ರಂಥ ಓದಿದರು, ಮುಂದೆ ನಿಂತವರ ನಂಬಿಕೆ ನಿಜವೇ ಎಂದು ನೋಡಲಿಲ್ಲ. ಸಮವಸ್ತ್ರದ ಪ್ರಶ್ನೆ ಬೇರೆ, ಸುಮ್ಮನೆ ನಿಲ್ಲುವುದು ಬೇರೆ ಎನ್ನುವವರಿದ್ದಾರೆ, ಅವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ಎರಡು ದಾರಿ ಹಿಡಿದರು. ಹೇಮಂತ್ ಗುಪ್ತಾ ಹೈಕೋರ್ಟನ್ನು ಎತ್ತಿಹಿಡಿದರು. ಸುಧಾಂಶು ಧೂಲಿಯಾ, ಬಿಜೋ ಇಮ್ಯಾನುವೆಲ್ ತೀರ್ಪೇ ಇದಕ್ಕೂ ಉತ್ತರ, ನಂಬಿಕೆ ಪ್ರಾಮಾಣಿಕವಾಗಿದೆ, ಯಾರಿಗೂ ಕೇಡಿಲ್ಲ, ಧರ್ಮಗ್ರಂಥದ ಆಳಕ್ಕೆ ಇಳಿಯುವ ಅಗತ್ಯವೇ ಇರಲಿಲ್ಲ ಎಂದರು. ಎರಡು ಅಭಿಪ್ರಾಯಗಳನ್ನೂ ಒಂದೇ ಕಡತದಲ್ಲಿಟ್ಟು, ದೊಡ್ಡ ಪೀಠ ರಚಿಸುವಂತೆ ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಿದರು. ತಕರಾರು ಶುರುವಾದಾಗ ಆ ಹುಡುಗಿಯರು ಪಿಯುಸಿಯಲ್ಲಿದ್ದರು.